ಮುಟ್ಟು ನಿಂತವರ ಕೈಯ ಬೀಜ

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ನರ್ಸಿಂಗ್ ಕಲಿಯಲು ಹೊರಟು ನಿಂತಿದ್ದಳು. ಹೋಗುವ ಮುಂಚೆ ನನ್ನ ಹತ್ತಿರ ಬಂದು, ‘ಅಮ್ಮಾ, ನೀವು ಸರ್ವೀಸಿನ್ಯಾಗ ಎಷ್ಟು ಹೆರಿಗಿ ಮಾಡಿಸೀರಿ?’ ಎಂದು ಕೇಳಿದಳು. ನನಗೆ ರೇಗಿಹೋಯಿತು. ಯಾರು ಬಂದರೂ ಇದೇ ಪ್ರಶ್ನೆ! ಹೆರಿಗೆ, ಹೆರಿಗೆ, ಹೆರಿಗೆ! ಹೆತ್ತು ಸಾಕಾಗಿ, ಮುಟ್ಟು ನಿಂತು, ಮೈಯೆಲ್ಲ ಉರಿದು, ನಿದ್ದೆಯಿಲ್ಲದೆ ಕೂತ ಹೆಂಗಸರ ಸುದ್ದಿ ಯಾರಿಗೂ ಬೇಡ. ‘ಕುಂದ್ರು ಇಲ್ಲೆ. ಹೆರಿಗಿ ಸುದ್ದಿ ನಿಮ್ಮ ಪುಸ್ತಕದಾಗ ಇರ್ತದ. ಪುಸ್ತಕದಾಗ ಇಲ್ಲದ್ದು ಹೇಳ್ತೀನಿ’ ಎಂದು ಅವಳನ್ನು ಹಿಡಿದು ಕೂರಿಸಿದೆ. ಅವಳ ಬಸ್ಸು ತಪ್ಪಿತು. ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ, ಇನ್ನೊಬ್ಬರ ಬಸ್ಸು ತಪ್ಪುವುದು ಬೇಡ.

ನಾನು ಖೈರುನ್ನಿಸಾ, ಶಹಾಪುರದ ಹತ್ತಿರದ ಗೋಗಿಯವಳು. ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಸುರಪುರ ಸೀಮೆಯ ಒಂದು ಸರಕಾರಿ ದವಾಖಾನೆಯಲ್ಲಿ ನರ್ಸಾಗಿ ಸೇರಿದೆ. ನಮ್ಮ ಮನೆಯಲ್ಲಿ ದಖನಿ ಮಾತು. ದವಾಖಾನೆಯ ದಫ್ತರೆಲ್ಲ ಉರ್ದು. ಆದರೆ ಬರುವ ಹೆಂಗಸರು ನನ್ನನ್ನು ‘ಬಾಯಾರು’ ಎಂದು ಕರೆದು ನೋವು ಹೇಳಿಕೊಳ್ಳುತ್ತಿದ್ದುದು ಕನ್ನಡದಲ್ಲಿ. ‘ಎದಿಯಾಗಿಂದ ಝಳ ಏಳ್ತದರಿ ಬಾಯಾರ, ಕುತ್ತಿಗಿಗಿ ಬರ್ತದ, ತಲಿಗಿ ಏರ್ತದ, ಆಮ್ಯಾಲ ಮೈಯೆಲ್ಲ ನೀರು’ ಎಂದು ಹೇಳಿದರೆ ಅದನ್ನು ಉರ್ದುವಿನಲ್ಲಿ ಬರೆಯುವಷ್ಟರಲ್ಲಿ ಅರ್ಧ ಸತ್ತುಹೋಗುತ್ತಿತ್ತು. ಅದಕ್ಕೇ ಕನ್ನಡ ಅಕ್ಷರ ಕಲಿತೆ. ಊರಿನ ಹಿರಿಯ ಹೆಂಗಸೊಬ್ಬರು ನೆಲದ ಮೇಲೆ ಮರಳು ಹಾಸಿ ಬೆರಳಿನಿಂದ ತಿದ್ದಿಸಿದರು. ನನ್ನ ಖಾಸಗಿ ನೋಟುಬುಕ್ಕು ಅಲ್ಲಿಂದ ಶುರುವಾಯಿತು. ನನ್ನ ಬಡ್ತಿ, ವರ್ಗಾವಣೆ, ಪಗಾರ ಇವೆಲ್ಲ ಯಾರಿಗೆ ಬೇಕು, ಬಿಡಿ.

ಆ ನೋಟುಬುಕ್ಕಿನಲ್ಲಿ ಮೊದಲು ಬರೆದದ್ದು ಒಬ್ಬ ಬೇಗಂ ಸಾಹೇಬರ ಸುದ್ದಿ. ಅವರ ಗಂಡ ಕಚೇರಿಯಲ್ಲಿ ದೊಡ್ಡ ಹುದ್ದೆಯವರು. ಈಕೆಗೆ ನಲವತ್ತೆಂಟರ ಮೇಲೆ. ಚಳಿಗಾಲದಲ್ಲಿ, ನಾವೆಲ್ಲ ಕಂಬಳಿ ಸುತ್ತಿಕೊಂಡು ಕೂತಾಗ, ಈಕೆ ಪಂಖಾ ಎಳೆಸುತ್ತಿದ್ದರು! ಹಗ್ಗ ಎಳೆಯುವ ಆಳು ಗಡಗಡ ನಡುಗುತ್ತಿದ್ದ. ಮನೆಯವರಿಗೆಲ್ಲ ನೆಗಡಿ. ನಮ್ಮ ಡಾಕ್ಟರ್ ಸಾಹೇಬರು ಪಾಪ ಒಳ್ಳೆಯವರು, ಆದರೆ ಪರದೆಯ ಆಚೆ ಹೋಗುವಂತಿಲ್ಲ. ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು, ಅವರು ನಾಡಿ ಹಿಡಿಯುತ್ತಿದ್ದರು. ಮೈ ಬಿಸಿಯಾಗುತ್ತದೆ, ಬೆವರು ಬರುತ್ತದೆ, ಆಮೇಲೆ ತಣ್ಣಗಾಗುತ್ತದೆ. ಅಷ್ಟು ಕೇಳಿದ್ದೇ ತಡ, ಮಲೇರಿಯಾ ಎಂದು ಕ್ವಿನೈನ್ ಬರೆದುಬಿಟ್ಟರು. ಒಂದು ತಿಂಗಳು ಕುಡಿಸಿದರು. ಆಕೆಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಹತ್ತಿತೇ ಹೊರತು ಝಳ ಹೋಗಲಿಲ್ಲ.

ಒಂದು ದಿನ ನನ್ನನ್ನು ಕ್ವಿನೈನ್ ಕೊಟ್ಟು ಬರಲು ಕಳಿಸಿದರು. ನಾನು ಹೆಣ್ಣಲ್ಲವೇ, ಸೀದಾ ಪರದೆಯ ಒಳಗೆ ಹೋದೆ. ಪಕ್ಕದಲ್ಲಿ ಕೂತು, ‘ಬೇಗಂ ಸಾಹೇಬಾ, ನಿಮ್ಮದು ನಿಂತು ಎಷ್ಟು ತಿಂಗಳಾಯಿತು?’ ಎಂದು ನಮ್ಮ ದಖನಿಯಲ್ಲಿ ಕೇಳಿದೆ. ಆಕೆ ನನ್ನನ್ನೇ ನೋಡಿದರು. ಆಮೇಲೆ ಗೊಳೋ ಎಂದು ಅತ್ತುಬಿಟ್ಟರು. ಆರು ತಿಂಗಳಾಗಿತ್ತು! ಹುಚ್ಚು ಹಿಡಿಯುತ್ತಿದೆ ಎಂದುಕೊಂಡು ಒಳಗೊಳಗೇ ಸಾಯುತ್ತಿದ್ದರಂತೆ. ಒಂದು ಸೀಸೆ ಕ್ವಿನೈನ್ ಖಾಲಿಯಾಗಿತ್ತು, ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಓಡಿ ಬಂದು ಡಾಕ್ಟರ್ ಸಾಹೇಬರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ‘ನಾನು ಕತ್ತೆ’ ಎಂದರು. ‘ಇನ್ನು ಮೇಲೆ ಪರದೆಯ ಆಚೆ ಕೇಳುವ ಕೆಲಸ ನಿನ್ನದು.’ ಅಷ್ಟು ದೊಡ್ಡ ಮನುಷ್ಯ ಅಷ್ಟು ಸುಲಭವಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಆಮೇಲೆ ಬಹಳ ಕಡೆ ಕಾಣಲಿಲ್ಲ.

ಅಂದಿನಿಂದ ನನಗೆ ರೆಕ್ಕೆ ಬಂದವು! ಕೇಳಿದ್ದೇ ಕೇಳಿದ್ದು. ಮೂವತ್ತೂ ತುಂಬದ ಹುಡುಗಿ ನಾನು, ಅಜ್ಜಿಯಂದಿರ ಹತ್ತಿರ ಕೂತು ಇಂಥ ಮಾತು ಕೇಳಿದರೆ ಮೊದಲು ನಗುತ್ತಿದ್ದರು, ಆಮೇಲೆ ಬಾಯಿ ಬಿಟ್ಟರೆ ನಿಲ್ಲಿಸುತ್ತಲೇ ಇರಲಿಲ್ಲ. ಒಬ್ಬಳು ಸಿಟ್ಟು ತಡೆಯಲಾಗದೆ ಬೀಸುವ ಕಲ್ಲಿನ ಗೂಟ ಕಿತ್ತು ಗಂಡನ ಮೇಲೆ ಎಸೆದಿದ್ದಳು. ಇನ್ನೊಬ್ಬಳು ಕಾರಣವಿಲ್ಲದೆ ದಿನಾ ಸಂಜೆ ಅಳುತ್ತಿದ್ದಳು. ಮತ್ತೊಬ್ಬಳಿಗೆ ಎದೆ ಡವಡವ. ಆಗ ಇದಕ್ಕೆಂದು ಗುಳಿಗೆ ನಮ್ಮ ಕಪಾಟಿನಲ್ಲಿ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಮಾತು ಮಾತ್ರ. ಖಾರ ಕಡಿಮೆ ಮಾಡು, ಚಹಾದ ಮೇಲೆ ಚಹಾ ಕುಡಿಯಬೇಡ, ತೆಳ್ಳಗಿನ ನೂಲಿನ ಸೀರೆ ಉಡು, ಮಲಗುವ ಮುಂಚೆ ಮೈ ಮೇಲೆ ಎರಡು ತಂಬಿಗೆ ನೀರು ಹಾಕಿಕೋ ಎನ್ನುತ್ತಿದ್ದೆ. ಎಲುಬು ಗಟ್ಟಿ ಇರಬೇಕಾದರೆ ಹಾಲು ಮಜ್ಜಿಗೆ ಬಿಡಬೇಡ, ರೊಟ್ಟಿಯ ಜೊತೆ ಎಳ್ಳಿನ ಹಿಂಡಿ ತಿನ್ನು, ಮೂಲೆ ಹಿಡಿದು ಕೂರದೆ ದಿನಾ ನಡೆ. ಎಲ್ಲಕ್ಕಿಂತ ಮೇಲೆ ಗಂಡನನ್ನು ಕರೆದುಕೊಂಡು ಬಾ, ಇದು ಹುಚ್ಚಲ್ಲ ಎಂದು ಅವನಿಗೆ ನಾನೇ ಹೇಳುತ್ತೇನೆ. ಗೂಟ ಎಸೆದವಳ ಗಂಡ ಬಂದು, ‘ಎಷ್ಟು ದಿನ ಇರ್ತದರಿ ಇದು?’ ಎಂದು ಕೇಳಿದ. ‘ಹೇಳಾಕ ಬರೂದಿಲ್ಲ. ಅಲ್ಲಿ ತನಕ ಗೂಟ ಮುಚ್ಚಿಡಪ್ಪ’ ಎಂದೆ. ಆಕೆ ನಕ್ಕಳು ನೋಡಿ, ಎಷ್ಟೋ ತಿಂಗಳ ಮೇಲೆ ನಕ್ಕದ್ದಂತೆ!

ಹೀಗೆ ನನಗೆ ಸಿಕ್ಕವಳು ಬೋನಾಳದ ನೀಲವ್ವ. ಬೋನಾಳ ಗೊತ್ತಲ್ಲ, ದೊಡ್ಡ ಕೆರೆ, ಹಕ್ಕಿಗಳ ಗದ್ದಲ. ಕೆರೆಯಲ್ಲಿ ಮೀನು, ಕೆರೆಯ ಆಚೆ ಕಪ್ಪು ಎರೆ ಮಣ್ಣಿನ ಹೊಲ, ನೀಲವ್ವನ ಮನೆಯವರಿಗೆ ಎರಡೂ ಇತ್ತು. ವಾರಕ್ಕೊಮ್ಮೆ ನಾನು ಆ ಊರಿಗೆ ಹೋಗುತ್ತಿದ್ದೆ. ಮೊದಲು ನೋಡಿದಾಗ ಅವಳಿಗೆ ಮುಟ್ಟು ಆಗಷ್ಟೇ ನಿಂತಿತ್ತು. ನಿದ್ದೆಯಿಲ್ಲ, ಕಣ್ಣ ಕೆಳಗೆ ಕಪ್ಪು, ಮಾತಾಡಿಸಿದರೆ ಸಿಡುಕು. ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಬೆಳಗ್ಗೆ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ವರ್ಷ ತುಂಬುವುದರೊಳಗೆ ಬೇರೆ ಹೆಂಗಸೇ ಆಗಿಬಿಟ್ಟಳು!

ಅವಳ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಹಿಂಗಾರಿ ಜೋಳ ಬಿತ್ತುವ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕುವವಳು ಮುಟ್ಟು ನಿಂತ ಹೆಂಗಸೇ ಆಗಬೇಕು. ಓಣಿಗೆಲ್ಲ ಒಬ್ಬಳೇ. ವರ್ಷವಿಡೀ ಬೂದಿ, ಬೇವಿನ ಎಲೆ ಹಾಕಿದ ಬೀಜದ ಗಡಿಗೆ ಅವಳ ಸುಪರ್ದಿಯಲ್ಲೇ ಇರುತ್ತಿತ್ತು, ಬೇರೆಯವರು ಮುಟ್ಟುವಂತಿಲ್ಲ. ಮೊದಲು ಆ ಕೆಲಸ ನೀಲವ್ವನ ಅತ್ತೆ ಯಂಕವ್ವನದು. ಸೊಸೆಯದು ನಿಂತು ಒಂದು ವರ್ಷವಾಗುತ್ತಲೇ ಮುದುಕಿ ಗಡಿಗೆಯನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟಳು. ಆ ದಿನ ನೀಲವ್ವ ಹೊಸ ಸೀರೆ ಉಟ್ಟು ನಿಂತದ್ದನ್ನು ನೀವು ನೋಡಬೇಕಿತ್ತು!

ನನಗೆ ಇದು ಬಹಳ ಹಿಡಿಸಿತು. ಮುಟ್ಟು ನಿಂತರೆ ಮುಗಿಯಿತು ಎಂದು ಅಳುವವರಿಗೆ ಇದಕ್ಕಿಂತ ಒಳ್ಳೆಯ ಮದ್ದು ಯಾವುದು? ಯಾವ ಊರಿಗೆ ಹೋದರೂ ನೀಲವ್ವನ ಕಥೆಯೇ. ಬೋನಾಳದ ಬಾವಿಕಟ್ಟೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದೆ: ‘ನೋಡ್ರಿ ಇಕಿನ್ನ! ಒಮ್ಮಿ ನಿಂತು ವರ್ಷ ದಾಟ್ತು ಅಂದ್ರ ಮುಗೀತು. ಮುಂದ ಅದರ ಚಿಂತಿನ ಇಲ್ಲ. ಆರಾಮಿರ್ರಿ!’ ಹೆಂಗಸರು ಹೌದ್ರಿ ಬಾಯಾರ ಎನ್ನುತ್ತಿದ್ದರು. ನನಗೆ ಎಂಥ ಉಬ್ಬು! ಆ ಮಾತಿನ ಬಾಲಕ್ಕೆ ಇನ್ನೊಂದು ಮಾತು ಸೇರಿಸಬೇಕಿತ್ತು. ಸೇರಿಸಲಿಲ್ಲ. ನನ್ನ ಸರ್ವೀಸಿನ ದೊಡ್ಡ ತಪ್ಪು ಅದು. ಅದರ ಹಿಂದೆಯೇ ಇನ್ನೊಂದು ತಪ್ಪು ಬಂತು.

ಮುಂದೆ ಎರಡು ವರ್ಷ ಕಳೆದವು. ಮಳೆಗಾಲದ ಕೊನೆ. ಊರಲ್ಲಿ ಮಕ್ಕಳಿಗೆ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕುವ ದಿನ. ಗುಡಿಯ ಕಟ್ಟೆಯ ಮೇಲೆ ಮಕ್ಕಳ ಚೀರಾಟ. ನೀಲವ್ವ ಬಂದು ನನ್ನ ಪಕ್ಕದಲ್ಲಿ ನಿಂತಳು.

‘ಬಾಯಾರ, ನಮ್ಮ ಓಣ್ಯಾಗ ಒಬ್ಬಾಕಿಗಿ ನಿಂತು ಮೂರು ವರ್ಷ ಆಗಿತ್ತು. ಈಗ ಮತ್ತ ಅಷ್ಟಷ್ಟ ಕಾಣಾಕತ್ತದ ಅಂತ. ಏನು ಮಾಡ್ಬೇಕ್ರಿ ಅಕಿ?’

‘ಗರ್ಮಿ ಆಗಿರ್ಬೇಕು. ಮಜ್ಜಿಗಿ ಕುಡಿ ಅನ್ನು. ಬಿಸಲಾಗ ಅಡ್ಡಾಡಬ್ಯಾಡ ಅನ್ನು.’

‘ಅಷ್ಟ ಏನ್ರಿ?’

‘ಅಷ್ಟ. ಹೋಗ್ತದ ಬಿಡು.’

ಅವಳು ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದಳು. ನಾನು ಮಗುವಿನ ತೋಳು ಹಿಡಿದಿದ್ದೆ, ತಲೆ ಎತ್ತಲಿಲ್ಲ. ತಲೆ ಎತ್ತಿದಾಗ ಅವಳು ಇರಲಿಲ್ಲ.

ಹದಿನೈದು ದಿನದ ಮೇಲೆ ಹೈದರಾಬಾದಿನಿಂದ ಒಬ್ಬ ಲೇಡಿ ಡಾಕ್ಟರ್ ಸೀಮೆಯ ದವಾಖಾನೆಗಳನ್ನು ನೋಡಲು ದೌರೆಗೆ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ, ಕಣ್ಣು ಚೂಪು. ನಾನು ಹೆಮ್ಮೆಯಿಂದ ನನ್ನ ನೋಟುಬುಕ್ಕು ತಂದು ಒಂದೊಂದೇ ಓದಿ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು, ‘ಶಾಬಾಷ್’ ಎಂದೂ ಎಂದರು. ನಾನು ಮೂರು ಗೇಣು ಉಬ್ಬಿ, ಆ ಮಜ್ಜಿಗೆಯ ಸುದ್ದಿಯನ್ನೂ ಓದಿದೆ. ಅವರು ಕೈ ಎತ್ತಿ ನಿಲ್ಲಿಸಿದರು. ಅವರ ಮಾತು ಉರ್ದು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

‘ಆ ಹೆಂಗಸಿನ ಹೆಸರೇನು?’

‘ಗೊತ್ತಿಲ್ಲ ಮೇಡಂ. ಬೇರೆಯವಳು ಬಂದು ಕೇಳಿದಳು.’

‘ಮೂರು ವರ್ಷ ನಿಂತದ್ದು ಮತ್ತೆ ಬಂದಿದೆ. ನೀನು ಮಜ್ಜಿಗೆ ಕುಡಿ ಎಂದೆ.’

ನಾನು ನೋಟುಬುಕ್ಕು ಮುಚ್ಚಿದೆ.

‘ಕೇಳು. ಒಂದು ವರ್ಷ ಪೂರ್ತಿ ನಿಂತ ಮೇಲೆ ಒಂದೇ ಒಂದು ಹನಿ ಕಂಡರೂ ಅದು ಮುಟ್ಟಲ್ಲ. ಏನೂ ಇಲ್ಲದಿರಬಹುದು. ಗಡ್ಡೆ ಇರಬಹುದು. ಕ್ಯಾನ್ಸರ್ ಇರಬಹುದು. ಒಳಗೆ ನೋಡದೆ ಹೇಳುವುದಕ್ಕೆ ಆಗುವುದಿಲ್ಲ. ಬೇಗ ಬಂದರೆ ಉಳಿಯುತ್ತಾಳೆ, ತಡವಾದರೆ ಇಲ್ಲ. ಹೋಗು, ಅವಳನ್ನು ಹುಡುಕು.’

ಆ ದಿನ ನನಗೆ ಅನ್ನ ಸೇರಲಿಲ್ಲ. ಮರುದಿನವೇ ಬೋನಾಳಕ್ಕೆ ಓಡಿದೆ. ಮೊದಲು ಹೋದದ್ದು ನೀಲವ್ವನ ಹತ್ತಿರವೇ. ‘ಅಕಿ ಯಾರು ಹೇಳು, ಲಗೂನ ಹೇಳು!’ ಎಂದೆ. ಅವಳು ಕಸಬರಿಗೆ ಹಿಡಿದು, ‘ಅಕಿ ತವರಿಗಿ ಹೋಗ್ಯಾಳ್ರಿ’ ಎಂದಳು. ಯಾವ ಊರೆಂದರೆ, ‘ಹೊಳಿ ಆಚಿ.’ ನಾನು ನಂಬಿದೆ! ಇಂಥ ದಡ್ಡಿ ಎಲ್ಲಾದರೂ ಇದ್ದಾಳೆಯೇ? ಕೃಷ್ಣಾ ಹೊಳೆ ದಾಟಿಸುವ ಹರಿಗೋಲಿನವನಿಗೆ ಹೇಳಿ ಕಳಿಸಿದೆ. ಯಾರೂ ಬರಲಿಲ್ಲ. ಆಮೇಲೆ ಮನೆಮನೆಗೆ ಹೋಗಿ ಕೇಳತೊಡಗಿದೆ. ಮುಟ್ಟು ನಿಂತವರೆಲ್ಲ ನನ್ನ ಮೇಲೆ ಹರಿಹಾಯ್ದರು. ಒಬ್ಬಳಂತೂ, ‘ನನ್ನ ಮ್ಯಾಲ ಯಾಕ ಹಾಕ್ತೀರಿ? ನಾಳಿ ಗಡಿಗಿ ನನ್ನ ಕೈಗಿ ಬರಬಾರದಂತ ಏನು?’ ಎಂದು ಬಾಗಿಲು ಹಾಕಿಕೊಂಡಳು. ಆ ಗಡಿಗೆಯ ಮಾನ ಎಷ್ಟು ದೊಡ್ಡದು ಎನ್ನುವುದು ನನಗೆ ಆಗ ಗೊತ್ತಾಯಿತು. ಅದನ್ನು ಊರೂರಿಗೆ ಹೊಗಳಿ ಇನ್ನಷ್ಟು ದೊಡ್ಡದು ಮಾಡಿದವಳು ನಾನೇ.

ಸೋತು ವಾಪಸು ಹೊರಟೆ. ಕೆರೆ ಏರಿಯ ಮೇಲೆ ನಡೆಯುತ್ತಾ ಬೆರಳು ಮಡಚಿ ಎಣಿಸಿದೆ: ಓಣಿಯಲ್ಲಿ ಯಾವ ಯಾವ ಮನೆ ಕೇಳಿದೆ, ಯಾವುದು ಬಿಟ್ಟೆ? ಬಿಟ್ಟದ್ದು ಒಂದೇ ಮನೆ. ಬೆಳಗ್ಗೆ ಏರಿಯ ಮೇಲೆ ನಡೆಯುವ ನೀಲವ್ವ ಈಗ ನಡೆಯುತ್ತಿರಲಿಲ್ಲ ಎನ್ನುವುದೂ ಆಗಲೇ ತಲೆಗೆ ಹೊಳೆಯಿತು. ಮೂರು ವರ್ಷ ಅಂದಳಲ್ಲ, ಮೂರು ವರ್ಷ ಯಾರದಾಗಿತ್ತು? ನನ್ನ ನೋಟುಬುಕ್ಕಿನಲ್ಲೇ ಬರೆದಿತ್ತು!

ಮರುದಿನ ಬೆಳಗ್ಗೆ ಹೋಗುವಷ್ಟರಲ್ಲಿ ಓಣಿಯಲ್ಲಿ ಸಡಗರ. ಅಂದೇ ಬಿತ್ತಿಗೆ. ಕೂರಿಗೆಗಳಿಗೆ ಅರಿಶಿನ ಕುಂಕುಮ, ಎತ್ತುಗಳ ಕೊರಳಲ್ಲಿ ಗೆಜ್ಜೆ. ನೀಲವ್ವ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಳು. ತುಟಿ ಬೆಳ್ಳಗಾಗಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ, ‘ಆ ಒಬ್ಬಾಕಿ ನೀನ ಅಲ್ಲೇನು?’ ಎಂದೆ.

ಅವಳು ಇಲ್ಲ ಎನ್ನಲಿಲ್ಲ. ‘ಇವತ್ತೊಂದು ದಿನ ಬಿಡ್ರಿ ಬಾಯಾರ’ ಎಂದಳು.

‘ಬಿಡಾಂಗಿಲ್ಲ. ಒಳಗ ಏನದ ನೋಡ್ಬೇಕು. ಯಾದಗಿರಿಗಿ ಹೋಗಿ ಹೈದರಾಬಾದಿನ ರೈಲು ಹತ್ತಬೇಕು. ಸುಮ್ಕಿದ್ರ ಸಾಯ್ತಿ.’

‘ಬಾಯಿ ಬಿಟ್ರ ಬದುಕ್ತೀನೇನ್ರಿ ನಾ?’ ಅವಳು ತಂಬಿಗೆ ಕೆಳಗಿಟ್ಟಳು. ‘ಮೂವತ್ತು ವರ್ಷ ತಿಂಗಳಿಗಿ ಮೂರು ದಿನ ದನದ ಕೊಟ್ಟಗ್ಯಾಗ ಕುಂತಾಕಿ ನಾ. ಈಗ ಇಡೀ ಓಣಿ ನನ್ನ ಕೈ ಹಾದಿ ಕಾಯ್ತದ. ಇಷ್ಟು ದಿನ ಮುಟ್ಟಾದಾಕಿ ಗಡಿಗಿ ಮುಟ್ಯಾಳ ಅಂತ ಗೊತ್ತಾತಂದ್ರ ಬೆಳಿ ಕೆಟ್ಟದ್ದೆಲ್ಲ ನನ್ನ ತಲಿಗಿ ಕಟ್ಟತಾರ. ಸತ್ರ ಬೀಜದಾಕಿ ಸತ್ಲು ಅಂತಾರ. ಮೈಲಿಗಿ ಮಾಡಿದಾಕಿ ಅಂತ ಅನಿಸ್ಕೊಂಡು ಇರೂದು ನನಗ ಬ್ಯಾಡ.’

ಹೊರಗಿನಿಂದ ಅವಳ ಗಂಡ ಹಣಮಂತ ಕೂಗಿದ. ಅವಳು ಸೆರಗು ಸರಿಮಾಡಿಕೊಂಡು ಹೋದಳು. ನಾನು ಹಿಂದೆಯೇ ಹೋದೆ. ಕೂಗಿ ಹೇಳಿಬಿಡಲೇ? ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಗುಟ್ಟು ಅವಳದು, ನಾನು ಒಡೆಯುವಂತಿಲ್ಲ. ಹೆಂಗಸರ ನಡುವೆ ಹೋಗಿ ನಿಂತೆ.

ಎಲ್ಲರೂ ಸುತ್ತ ನೆರೆದಿದ್ದರು. ಯಂಕವ್ವ ಕೋಲೂರಿ ಮುಂದೆ ನಿಂತಿದ್ದಳು. ನೀಲವ್ವ ಗಡಿಗೆಯ ಬಾಯಿ ಬಿಚ್ಚಿ ಕೈ ಒಳಗೆ ಹಾಕಿದಳು. ಹಾಕಿದ ಕೈ ಹೊರಗೆ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಳೋ! ಎತ್ತು ತಲೆ ಕೊಡವಿತು, ಗೆಜ್ಜೆ ಸದ್ದಾಯಿತು. ಆಮೇಲೆ ಬರಿಗೈ ಹೊರಗೆ ತೆಗೆದು ನನ್ನ ಕಡೆ ನೋಡಿದಳು.

‘ನನ್ನ ಕೈ ಬ್ಯಾಡ’ ಎಂದಳು. ‘ನನಗ ಕಾಣಾಕತ್ತು ತಿಂಗಳ ಮ್ಯಾಲಾತು.’

ಹಿಂದಿನಿಂದ ಯಾರೋ ‘ಅಯ್ಯಯ್ಯೋ, ಬೀಜ!’ ಎಂದರು. ಹಣಮಂತನ ಮುಖ ಕಪ್ಪಿಟ್ಟಿತು. ಅದೆಲ್ಲಿಂದ ಬಂತೋ ನನಗೆ ಧೈರ್ಯ, ನುಗ್ಗಿ ಗಡಿಗೆಯ ಪಕ್ಕ ನಿಂತೆ.

‘ಇದು ಮುಟ್ಟಲ್ಲ!’ ಎಂದು ಕೂಗಿದೆ. ‘ಮುಟ್ಟು ನಿಂತು ಮೂರು ವರ್ಷ ಆಗ್ಯಾದ, ಅದು ತಿರುಗಿ ಬರೂದಿಲ್ಲ. ಇದು ಒಳಗಿನ ಗಾಯ! ಕುಡಗೋಲು ಬಡದು ಕೈಯಾಗ ರಕ್ತ ಬಂದ್ರ ಹೊರಗ ಕೂಡಸ್ತೀರೇನು? ಅರಿಬಿ ಕಟ್ಟಿ ದವಾಖಾನಿಗಿ ಕರ್ಕೊಂಡು ಬರ್ತೀರಿ. ಇದೂ ಹಂಗ! ತಪ್ಪು ಅಕಿದಲ್ಲ, ನಂದು. ನನ್ನ ಕೇಳಿದ್ಲು. ನಾ ಮಜ್ಜಿಗಿ ಕುಡಿ ಅಂದೆ.’

ಎಲ್ಲರೂ ಯಂಕವ್ವನ ಕಡೆ ನೋಡುತ್ತಿದ್ದರು. ಮುದುಕಿ ಕೋಲು ಊರುತ್ತಾ ನನ್ನ ಮುಖದ ಹತ್ತಿರ ಬಂದಳು.

‘ಗಾಯ ಅಂತೀರಿ?’

‘ಗಾಯ.’

‘ಖರೇನ?’

‘ಖರೇ.’

‘ಮೈಲಿಗಿ ಅಲ್ಲ?’

‘ಅಲ್ಲವೇ ಅಲ್ಲ.’

ಮುದುಕಿಯ ಕಣ್ಣು ನನ್ನ ಮೇಲೇ ನೆಟ್ಟಿತ್ತು. ಆಮೇಲೆ ಸೊಸೆಯ ಕಡೆ ತಿರುಗಿ, ‘ಹಾಕವಾ ಬೀಜ. ಹೊತ್ತೇರ್ತದ’ ಎಂದಳು.

ನೀಲವ್ವ ಹಾಕಿದಳು! ಒಂದೊಂದು ಕೂರಿಗೆಗೂ ಒಂದೊಂದು ಹಿಡಿ. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಕೊನೆಯ ಹಿಡಿ ಹಾಕಿ ಕೈ ಕೊಡವಿದವಳನ್ನು ನಾನು ಅಲ್ಲಿಂದಲೇ ಗಾಡಿ ಹತ್ತಿಸಿದೆ. ಹಣಮಂತ ರೊಟ್ಟಿಯ ಗಂಟು ತಂದ, ಬಿತ್ತಿಗೆಯನ್ನು ತಮ್ಮನಿಗೆ ಒಪ್ಪಿಸಿ ತಾನೂ ಗಾಡಿ ಹತ್ತಿದ. ಸುರಪುರದಿಂದ ಬಸ್ಸು, ಶಹಾಪುರದಲ್ಲಿ ಬಸ್ಸಿನ ಚಕ್ರ ಕೆಟ್ಟು ಅರ್ಧ ದಿನ ಕೂತದ್ದು, ಭೀಮಾ ಹೊಳೆ ದಾಟಿ ಯಾದಗಿರಿ ಮುಟ್ಟಿದ್ದು, ಒಂದೊಂದೂ ಒಂದೊಂದು ಕಥೆ. ಸ್ಟೇಷನ್ನಿನಲ್ಲಿ ರೈಲು ಹೊಗೆಯುಗುಳುತ್ತಾ ಬಂದಾಗ, ರೈಲನ್ನೇ ನೋಡದ ನೀಲವ್ವ ನನ್ನ ರಟ್ಟೆ ಹಿಡಿದು, ‘ಇದಕ್ಕೂ ನನ್ನಂಗ ಝಳ ಏರ್ಯಾದೇನ್ರಿ?’ ಎಂದಳು. ಅಂಥ ಹೊತ್ತಿನಲ್ಲೂ ಮೂವರೂ ಬಿದ್ದು ಬಿದ್ದು ನಕ್ಕೆವು.

ಹೈದರಾಬಾದಿನ ದವಾಖಾನೆಯಲ್ಲಿ ಆ ಲೇಡಿ ಡಾಕ್ಟರೇ ನೋಡಿದರು. ಗರ್ಭಕೋಶದಲ್ಲಿ ಕೆಟ್ಟ ಗಡ್ಡೆ. ಇನ್ನೂ ಅಲ್ಲೇ ಇತ್ತು, ಹರಡಿರಲಿಲ್ಲ. ಗರ್ಭಕೋಶ ತೆಗೆದರು. ಆಪರೇಷನ್ ಕೋಣೆಯಿಂದ ಹೊರಬಂದು, ‘ಇನ್ನೊಂದು ವರ್ಷ ಮಜ್ಜಿಗೆ ಕುಡಿದಿದ್ದರೆ ನಾನು ಏನೂ ಮಾಡಲು ಆಗುತ್ತಿರಲಿಲ್ಲ’ ಎಂದರು. ನಾನು ಅಲ್ಲೇ ವರಾಂಡದ ನೆಲದ ಮೇಲೆ ಕೂತು ಅತ್ತೆ. ಹಣಮಂತ ನನಗೆ ನೀರು ತಂದುಕೊಟ್ಟ. ನರ್ಸು ಅತ್ತು, ರೋಗಿಯ ಗಂಡ ಸಮಾಧಾನ ಮಾಡಿದ್ದು ಆ ದವಾಖಾನೆಯಲ್ಲಿ ಬಹುಶಃ ಅದೇ ಮೊದಲು!

ಜೋಳ ಮೊಣಕಾಲೆತ್ತರ ಬಂದಾಗ ನೀಲವ್ವ ಊರಿಗೆ ಮರಳಿದಳು. ಹೆಂಗಸರೆಲ್ಲ ನೋಡಲು ಬಂದರು, ಹೊಟ್ಟೆಯ ಹೊಲಿಗೆ ನೋಡಿ ಬಾಯಿ ತೆರೆದರು, ಹೋದರು. ಯಂಕವ್ವ ಮಾತ್ರ ಮೂಲೆಯಲ್ಲಿ ಕೂತೇ ಇದ್ದಳು. ಎಲ್ಲರೂ ಹೋದ ಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದಳು.

‘ಬಾಯಾರ, ಅವತ್ತು ಅಂದ್ರೆಲ್ಲ, ಮತ್ತೊಮ್ಮಿ ಹೇಳ್ರಿ. ಗಾಯಕ್ಕ ಮೈಲಿಗಿ ಇಲ್ಲಲ್ಲ?’

‘ಇಲ್ಲ ಯಂಕವ್ವ. ಯಾಕ?’

‘ನನಗೂ ಅದ’ ಎಂದಳು. ‘ಎರಡು ವರ್ಷ ಮ್ಯಾಲಾತು. ಮುಪ್ಪಾತು ಅಂತ ಹೇಳಿ ಗಡಿಗಿ ಸೊಸಿ ಕೈಗಿ ಕೊಟ್ಟೆ. ಮುಪ್ಪಿಗೇನಾಗಿತ್ತು? ಮೈಲಿಗಿ ಕೈಲೆ ಬೀಜ ಮುಟ್ಟಬಾರ್ದು ಅಂತ ಕೊಟ್ಟೆ. ಯಾರಿಗೂ ಹೇಳಿಲ್ಲ. ಈ ವಯಸ್ಸಿನ್ಯಾಗ ಯಾರ ಮುಂದ ಹೇಳ್ಲಿ?’

ಎರಡು ವರ್ಷ ಆ ಮನೆಗೆ ಹೋಗಿ ಬಂದಿದ್ದೇನೆ, ಅವಳ ಕೈಯ ಚಹಾ ಕುಡಿದಿದ್ದೇನೆ. ಸೊಸೆಯನ್ನು ಊರಿಗೆಲ್ಲ ತೋರಿಸಿ ಭಾಷಣ ಮಾಡಿದೆ, ಬಾಗಿಲಲ್ಲೇ ಕೂತ ಅತ್ತೆಯನ್ನು ಒಂದು ಮಾತು ಕೇಳಲಿಲ್ಲ. ಮುದುಕಿಗೆ ಇನ್ನೇನು ಕೇಳುವುದಿದೆ ಎಂದುಕೊಂಡಿದ್ದೆ! ಹುಡುಗಿಯರೇ, ಈಗ ನಿಮಗೆ ಸ್ಕ್ಯಾನಿಂಗ್ ಇದೆ, ಒಳಗಿನ ಚೂರು ತೆಗೆದು ಪರೀಕ್ಷೆ ಮಾಡುವ ಲ್ಯಾಬಿದೆ, ಝಳಕ್ಕೂ ಗುಳಿಗೆಗಳಿವೆ. ಆದರೆ ನೀವು ಕೇಳದಿದ್ದರೆ ಅವಳು ಹೇಳುವುದಿಲ್ಲ, ಅವಳು ಹೇಳದಿದ್ದರೆ ನಿಮ್ಮ ಮಶೀನು ಮೂಲೆಯಲ್ಲೇ ಕೂರುತ್ತದೆ. ಐವತ್ತರವಳನ್ನೂ ಕೇಳಿ, ಎಪ್ಪತ್ತೈದರವಳನ್ನೂ ಕೇಳಿ.

ಮುಂದಿನ ದೌರೆಯಲ್ಲಿ ಲೇಡಿ ಡಾಕ್ಟರು ಯಂಕವ್ವನನ್ನು ನೋಡಿದರು. ಹೊರಗೆ ಬಂದು, ಇಲ್ಲ ಎನ್ನುವಂತೆ ನನಗೆ ತಲೆಯಾಡಿಸಿದರು. ಹರಡಿತ್ತು. ಕೊಯ್ಯುವ ಹಾಗಿರಲಿಲ್ಲ. ನೋವಿಗೆ ಔಷಧಿ ಕೊಟ್ಟರು, ಅಷ್ಟೇ. ನಾನು ವಾರವಾರ ಹೋಗುತ್ತಿದ್ದೆ. ಮುದುಕಿ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಹಿಂಗಾರಿ ಬಂತು. ಬಿತ್ತಿಗೆಯ ದಿನ ನೀಲವ್ವ ಗಡಿಗೆಯನ್ನು ಎತ್ತಿ ತಂದು, ಎಲ್ಲರೆದುರು ಅತ್ತೆಯ ಮುಂದೆ ಇಟ್ಟಳು. ಯಂಕವ್ವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಹಣಮಂತ ಅವ್ವನನ್ನು ಎತ್ತಿಕೊಂಡು ಬಂದು ಕೂರಿಗೆಯ ಪಕ್ಕದ ಗಾಡಿಯಲ್ಲಿ ಕೂರಿಸಿದ. ಕಡ್ಡಿಯಂಥ ಆ ಕೈ ಗಡಿಗೆಯೊಳಗೆ ಹೋಯಿತು, ಹಿಡಿ ತುಂಬ ಜೋಳ ಹಿಡಿದು ಹೊರಬಂತು. ಮುದುಕಿ ಅದನ್ನು ಬಟ್ಟಲಿಗೆ ಹಾಕಿ, ಓಣಿಯ ಹೆಂಗಸರ ಕಡೆ ಒಂದು ಸುತ್ತು ನೋಡಿದಳು. ಅಷ್ಟು ಸಣ್ಣ ಜೀವದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ!

‘ಕೇಳ್ರಿ ಎಲ್ಲಾರೂ. ನನಗ ಒಳಗ ಗಾಯ ಅದ. ಮೈಲಿಗಿ ಅಲ್ಲ, ಗಾಯ. ನಾ ಬಾಯಿ ಮುಚ್ಕೊಂಡೆ, ಸಾಯಾಕತ್ತೀನಿ. ನನ್ನ ಸೊಸಿ ಬಾಯಿ ಬಿಟ್ಲು, ನಿಮ್ಮ ಮುಂದ ನಿಂತಾಳ. ನಿಂತ ಮ್ಯಾಲ ಯಾರಿಗರೆ ಕಾಣಾಕತ್ತಿದ್ರ ಈಗ ಹೇಳ್ರಿ. ಬಾಯಾರೂ ಇಲ್ಲೇ ಅದಾರ, ಗಾಡಿನೂ ಇಲ್ಲೇ ಅದ.’

ಹೆಂಗಸರ ಗುಂಪು ಅಲ್ಲಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ, ಅಂದು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡವಳು ತಲೆ ತಗ್ಗಿಸಿಕೊಂಡು ಮುಂದೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಯಂಕವ್ವ ಗಾಡಿಯಲ್ಲಿ ಪಕ್ಕಕ್ಕೆ ಸರಿದು, ‘ಬರ್ರಿ, ಕುಂದರ್ರಿ’ ಎಂದು ಅವರಿಬ್ಬರಿಗೆ ಜಾಗ ಮಾಡಿಕೊಟ್ಟಳು.